ಸೇವಂತಿಗೆಗೆ 140 ಡಾಲರ್: ಟೆಕ್ಸಸ್‌ನ ಹೋಮ್‌ಕಮಿಂಗ್ ಮಮ್, 5ಕ್ಕೆ 3 ಸ್ಟಾರ್

"ನಂಗೊಂದು ಮಮ್ ಬೇಕು. ಬೇಗ ಆರ್ಡರ್ ಮಾಡ್ಬೇಕಂತೆ, ಇಲ್ಲಾಂದ್ರೆ ಸಿಗಲ್ವಂತೆ" ಅಂದಳು ಮಗಳು. ಹನ್ನೊಂದು ವರ್ಷ ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದು ಡಲ್ಲಾಸ್ ಹತ್ತಿರ ಬಂದವರು ನಾವು. ಅಲ್ಲಿ ಮಮ್ ಅಂದರೆ ಅಮ್ಮ. ಪಾತ್ರೆ ತೊಳೆಯುತ್ತಿದ್ದ ನನ್ನ ಹೆಂಡತಿ ತಿರುಗಿ ನೋಡಿ, "ಯಾಕೆ, ಇರೋಳು ಸಾಲಲ್ವಾ?" ಅಂದಳು.

ಆಮೇಲೆ ಗೊತ್ತಾಯಿತು, ಇಲ್ಲಿ ಮಮ್ ಅಂದರೆ ಸೇವಂತಿಗೆ. ಕ್ರಿಸಾಂತಮಮ್ ಅನ್ನೋ ಉದ್ದ ಹೆಸರಿನ ಬಾಲ ಮಾತ್ರ ಉಳಿಸಿಕೊಂಡಿದ್ದಾರೆ. ಹೈಸ್ಕೂಲುಗಳಲ್ಲಿ ಸೆಪ್ಟೆಂಬರ್ ಅಕ್ಟೋಬರ್ ಹೊತ್ತಿಗೆ ಹೋಮ್‌ಕಮಿಂಗ್ ಅಂತ ನಡೆಯುತ್ತದೆ. ಹಳೇ ವಿದ್ಯಾರ್ಥಿಗಳು ಬರುತ್ತಾರೆ, ರಾತ್ರಿ ಅಮೆರಿಕನ್ ಫುಟ್‌ಬಾಲ್ ಮ್ಯಾಚು, ರಾಜ ರಾಣಿ ಆಯ್ಕೆ, ಡಾನ್ಸು, ಎಲ್ಲ ಇರುತ್ತೆ. ಇದೇ ರಾಜ್ಯದ ಬೇಲರ್ ವಿಶ್ವವಿದ್ಯಾಲಯ 1909ರಲ್ಲೇ ಹೋಮ್‌ಕಮಿಂಗ್ ನಡೆಸಿತ್ತು, ಅಷ್ಟು ಹಳೇ ಪದ್ಧತಿ. ಮೊದಲೆಲ್ಲ ಹುಡುಗ ಹುಡುಗಿಗೆ ನಿಜವಾದ ಸೇವಂತಿಗೆ ಹೂವು, ಒಂದೆರಡು ರಿಬ್ಬನ್ ಕೊಡುತ್ತಿದ್ದನಂತೆ. ಈಗಿನದು ಬಟ್ಟೆ ಹೂವು, ಊಟದ ತಟ್ಟೆಯಷ್ಟು ಅಗಲ, ಅದರಿಂದ ಮೊಣಕಾಲಿನ ತನಕ ಇಳಿಬಿದ್ದ ರಿಬ್ಬನ್ನು, ಗೆಜ್ಜೆ, ದನದ ಗಂಟೆ, ಪುಟಾಣಿ ಕರಡಿ ಬೊಂಬೆ, ಬ್ಯಾಟರಿ ಲೈಟು. ಇದನ್ನು ಎದೆ ಮೇಲೆ ಹಾಕಿಕೊಂಡು ಇಡೀ ದಿನ ಕ್ಲಾಸಿನಲ್ಲಿ ಕೂರಬೇಕು. ತಮಾಷೆ ಅಲ್ಲ, ನಿಜ.

ನಾವು ಮಾಡಿಸಿದ್ದು ಎರಡು ಬೀದಿ ಆಚೆ, ಮನೆ ಗ್ಯಾರೇಜಿನಲ್ಲೇ ಮಮ್ ಮಾಡಿಕೊಡುವ ಒಬ್ಬ ಹೆಂಗಸಿನ ಹತ್ತಿರ. ಎರಡು ಪುಟದ ಫಾರಂ ಕೊಟ್ಟರು. ಹೂವು ಒಂದಾ, ಎರಡಾ, ಮೂರಾ? ಮಗಳು ಸೀನಿಯರ್ರಾ? ಕೊನೇ ವರ್ಷದವರಿಗೆ ಬಿಳಿ ಮತ್ತು ಬೆಳ್ಳಿ ಬಣ್ಣ, ಉಳಿದವರಿಗೆ ಶಾಲೆಯ ಬಣ್ಣ. ನಮ್ಮವಳು ಸೋಫೊಮೋರ್, ಅಂದರೆ ಹತ್ತನೇ ಕ್ಲಾಸು, ಹಾಗಾಗಿ ಕಡುನೀಲಿ ಮತ್ತು ಬಂಗಾರ. ಒಂದು ಹೂವಿನದಕ್ಕೆ 85 ಡಾಲರ್. ಹೆಣೆದ ರಿಬ್ಬನ್ ಬೇಕು ಅಂದರೆ ಇನ್ನೊಂದು 20, ಕರಡಿಗೆ 15, ಲೈಟಿಗೆ 20. ಬೇಡ ಅನ್ನೋಣ ಅಂದರೆ ಮಗಳು ಪಕ್ಕದಲ್ಲೇ ನಿಂತಿದ್ದಳು.

ಕೆಲಸ ಮಾತ್ರ ಚೊಕ್ಕ. ನನ್ನ ಹೆಂಡತಿಗೆ ಮೊಗ್ಗಿನ ಜಡೆ ಕಟ್ಟೋಕೆ ಬರುತ್ತದೆ, ಕೈಗೆ ಕೊಟ್ಟ ತಕ್ಷಣ ತಿರುಗಿಸಿ ಹಿಂಭಾಗ ನೋಡಿದಳು. ರಟ್ಟಿನ ಮೇಲೆ ಬಟ್ಟೆ ಹೊದಿಸಿ, ಪಿನ್ನಿನ ಮೊನೆ ಒಂದೂ ಹೊರಗೆ ಕಾಣದ ಹಾಗೆ ಅಂಟು ಹಾಕಿದ್ದರು. ರಿಬ್ಬನ್ ಹೆಣಿಗೆಯಂತೂ ಎಲ್ಲೂ ಸಡಿಲ ಇಲ್ಲ. "ಪರ್ವಾಗಿಲ್ಲ, ಕೈ ಇದೆ" ಅಂದಳು. ಅವಳ ಬಾಯಲ್ಲಿ ಇದು ದೊಡ್ಡ ಸರ್ಟಿಫಿಕೇಟು.

ತಪ್ಪು ಆಗಿದ್ದು ಹೆಸರಲ್ಲಿ. ಮಿನುಗುವ ಅಕ್ಷರದಲ್ಲಿ ಮಗಳ ಹೆಸರು ಉದ್ದಕ್ಕೆ ಅಂಟಿಸಿದ್ದರು, ಒಂದು ಎಚ್ ಬಿಟ್ಟುಹೋಗಿತ್ತು. ನಮ್ಮ ಹೆಸರುಗಳಲ್ಲಿ ಟಿ ಪಕ್ಕ ಎಚ್ ಯಾಕೆ ಬರುತ್ತೆ ಅಂತ ಅವರಿಗೇನು ಗೊತ್ತು, ಆದರೆ ಫಾರಂನಲ್ಲಿ ನಾನೇ ದೊಡ್ಡಕ್ಷರದಲ್ಲಿ ಬರೆದುಕೊಟ್ಟಿದ್ದೆ. ಸರಿ ಮಾಡಿ ಅಂದರೆ ಜಾಗ ಇಲ್ಲ. ಕೊನೆಗೆ ಎಚ್ ಅನ್ನು ಟಿ ಕೆಳಗೆ ಒತ್ತಕ್ಷರದ ಹಾಗೆ ಅಂಟಿಸಿ ಕೊಟ್ಟರು. ಮಗಳಿಗೆ ಅದೇ ಇಷ್ಟ ಆಯಿತು. ನಾನು ಒಂದು ಸ್ಟಾರ್ ಕಳೆದಿದ್ದೇನೆ.

ಇನ್ನು ತೂಕ. ಅಡುಗೆಮನೆ ತಕ್ಕಡಿಯಲ್ಲಿ ಇಟ್ಟು ನೋಡಿದೆ, 1 ಕೆಜಿ 300 ಗ್ರಾಂ. ಅಂಗಿಗೆ ಪಿನ್ ಹಾಕಿದರೆ ಅಂಗಿ ಹರಿಯುತ್ತೆ, ಅದಕ್ಕೇ ಕುತ್ತಿಗೆಗೆ ಹಾಕಿಕೊಳ್ಳೋ ಪಟ್ಟಿ ಕೇಳಿ ಹಾಕಿಸಿಕೊಳ್ಳಿ. ನಮಗೆ ಯಾರೂ ಹೇಳಲಿಲ್ಲ. ಹೆಂಡತಿಯ ಹಳೇ ಹ್ಯಾಂಡ್‌ಬ್ಯಾಗಿನ ಪಟ್ಟಿ ಕತ್ತರಿಸಿ ಕಟ್ಟಿದೆವು.

ನಮ್ಮ ಬೀದಿಯಲ್ಲೇ ಲೀಡ್ಸ್ ಕಡೆಯಿಂದ ಬಂದ ಇಂಗ್ಲಿಷರ ಕುಟುಂಬ ಒಂದಿದೆ. ಅವರ ಕಷ್ಟ ನಮಗಿಂತ ಜಾಸ್ತಿ. ಹುಡುಗಿಯರಿಗೆ ಮಮ್ ಇದ್ದ ಹಾಗೆ ಹುಡುಗರಿಗೆ ತೋಳಿಗೆ ಕಟ್ಟೋ ಚಿಕ್ಕದೊಂದು ಇದೆ, ಅದರ ಹೆಸರು ಗಾರ್ಟರ್. ಇಂಗ್ಲೆಂಡಿನಲ್ಲಿ ಗಾರ್ಟರ್ ಅಂದರೆ ಮದುಮಗಳು ತೊಡೆಗೆ ಹಾಕಿಕೊಳ್ಳೋದು. ಮಗ ಬಂದು "ಶುಕ್ರವಾರ ಗಾರ್ಟರ್ ಹಾಕ್ಕೊಂಡು ಸ್ಕೂಲಿಗೆ ಹೋಗ್ಬೇಕು" ಅಂದಾಗ ಆ ಮನುಷ್ಯ ಶಾಲೆಗೆ ಫೋನ್ ಮಾಡೋದರಲ್ಲಿದ್ದರು. ನಮ್ಮ ಮನೆಗೆ ಬಂದು ಮಮ್ ನೋಡಿ ಅವರು ಕೇಳಿದ ಮೊದಲ ಪ್ರಶ್ನೆ, "ಇದು ಏನು ಗೆದ್ದಿದ್ದಕ್ಕೆ ಕೊಟ್ಟಿದ್ದು?" ಏನೂ ಗೆದ್ದಿಲ್ಲ ಸಾರ್, ದುಡ್ಡು ಕೊಟ್ಟಿದ್ದು ಅಷ್ಟೆ.

ಅವರು ತಬ್ಬಿಬ್ಬಾಗೋದು ನನಗೆ ಅರ್ಥ ಆಗುತ್ತೆ. ರೆಡಿಂಗ್‌ನಲ್ಲಿ ಮಗಳು ಟೈ, ಬ್ಲೇಜರ್, ಕಪ್ಪು ಶೂ ಹಾಕಿಕೊಂಡು ಹೋಗುತ್ತಿದ್ದಳು, ಒಂದು ದಿನ ಬಿಳಿ ಕಾಲುಚೀಲ ಹಾಕಿದ್ದಕ್ಕೆ ಡಿಟೆನ್ಷನ್ ಆಗಿತ್ತು. ಇಲ್ಲಿ ಲೈಟು ಮಿನುಗಿಸಿಕೊಂಡು ಕೆಮಿಸ್ಟ್ರಿ ಲ್ಯಾಬಿಗೆ ಹೋಗಬಹುದು. ಅಲ್ಲಿ ಅವಳ ಜೊತೆಯವರು ಈಗ ಇಯರ್ 11, ಬೇಸಿಗೆಯಲ್ಲಿ ಜಿಸಿಎಸ್‌ಇ, ಹೊರಗಿನ ಬೋರ್ಡಿನ ಪರೀಕ್ಷೆ, 9ರಿಂದ 1ರ ತನಕ ಗ್ರೇಡು. ಇಲ್ಲಿ ಹೋಮ್‌ವರ್ಕು, ಟೆಸ್ಟು, ಪ್ರಾಜೆಕ್ಟು ಎಲ್ಲ ಸೇರಿ ಜಿಪಿಎ, ಅಂದರೆ ಸರಾಸರಿ ಗ್ರೇಡು, ಆಗುತ್ತದೆ. ಹಾಗಾಗಿ ಪರೀಕ್ಷೆಯ ಭಯ ಒಂದೇ ಕಡೆ ಗುಡ್ಡೆ ಬೀಳಲ್ಲ, ವರ್ಷವಿಡೀ ಸ್ವಲ್ಪ ಸ್ವಲ್ಪ ಇರುತ್ತೆ, ಶುಕ್ರವಾರ ಸಂಜೆ ಮಾತ್ರ ಇರಲ್ಲ.

ಬೆಳಗ್ಗೆ ಕ್ಲಾಸಲ್ಲಿ ಎದ್ದುನಿಂತು ಅಮೆರಿಕದ ಧ್ವಜಕ್ಕೊಂದು, ಟೆಕ್ಸಸ್ ಧ್ವಜಕ್ಕೊಂದು ಪ್ರತಿಜ್ಞೆ ಹೇಳುತ್ತಾರೆ, ಆಮೇಲೆ ಒಂದು ನಿಮಿಷ ಮೌನ. ಲೀಡ್ಸ್‌ನವರಿಗೆ ಇದೂ ವಿಚಿತ್ರ. ಅವರ ದೇಶದ ಶಾಲೆಗಳಲ್ಲಿ ದಿನಾ ಪ್ರಾರ್ಥನೆ ಇರಬೇಕು ಅನ್ನೋ ಕಾನೂನು ಇನ್ನೂ ಇದೆ, ಬಹಳ ಕಡೆ ಯಾರೂ ಪಾಲಿಸಲ್ಲ. ಇಲ್ಲಿ ಸರ್ಕಾರಿ ಶಾಲೆಯೇ ಪ್ರಾರ್ಥನೆ ಮಾಡಿಸೋದನ್ನು ಸುಪ್ರೀಂ ಕೋರ್ಟು 1962ರಲ್ಲೇ ತಡೆದಿದೆ. ಅಲ್ಲಿ ದೇವರು, ಇಲ್ಲಿ ಬಾವುಟ.

ಫುಟ್‌ಬಾಲ್ ಬಗ್ಗೆ ಜಾಸ್ತಿ ಹೇಳಲ್ಲ, ನಿಯಮ ನನಗೆ ಇನ್ನೂ ತಿಳಿದಿಲ್ಲ. ಆದರೆ ಪಕ್ಕದ ಆಲನ್ ಊರಲ್ಲಿ ಹೈಸ್ಕೂಲಿನ ಕ್ರೀಡಾಂಗಣ ಇದೆ, 2012ರಲ್ಲಿ ಸುಮಾರು 6 ಕೋಟಿ ಡಾಲರ್ ಹಾಕಿ ಕಟ್ಟಿದ್ದು, 18 ಸಾವಿರ ಜನ ಕೂರಬಹುದು. ರೆಡಿಂಗ್‌ನ ವೃತ್ತಿಪರ ಕ್ಲಬ್ಬಿನ ಮೈದಾನದಲ್ಲೇ ಹಿಡಿಸೋದು 24 ಸಾವಿರ ಚಿಲ್ಲರೆ. ಇದು ಮಕ್ಕಳ ಆಟ ಕಣ್ರೀ!

ಹೋಮ್‌ಕಮಿಂಗ್ ದಿನ ಬೆಳಗ್ಗೆ ನಾನೇ ಬಿಡೋಕೆ ಹೋಗಿದ್ದೆ. ನೂರಾರು ಹುಡುಗಿಯರು ಗಂಟೆ ಅಲ್ಲಾಡಿಸಿಕೊಂಡು ಕಾರಿಳಿದು ಒಳಗೆ ನಡೆಯುತ್ತಿದ್ದರು. ಕಣ್ಣು ಮುಚ್ಚಿದರೆ ಸಂಜೆ ಹೊತ್ತು ದನ ಕೊಟ್ಟಿಗೆಗೆ ಬರೋ ಸದ್ದು. ಹೋಮ್‌ಕಮಿಂಗ್ ಅನ್ನೋ ಹೆಸರು ಅವತ್ತು ನನಗೆ ಸರಿಯಾಗಿ ಅರ್ಥ ಆಯಿತು.

ತಗೊಳ್ಳೋರಿಗೆ: ಆಗಸ್ಟಲ್ಲೇ ಹೇಳಿಡಿ. ಹೆಸರು ಅಂಟಿಸೋ ಮುಂಚೆ ಫೋಟೋ ಕಳಿಸೋಕೆ ಹೇಳಿ. ಕರಡಿ ಬೇಡ, ಸುಮ್ನೆ ದುಡ್ಡು ದಂಡ, ಮಧ್ಯಾಹ್ನದೊಳಗೆ ಬಿದ್ದುಹೋಯಿತು. ಲೈಟು ಮ್ಯಾಚ್ ಮುಗಿಯೋ ತನಕ ಉರಿಯಿತು. ಈಗ ಮಮ್ ಮಗಳ ರೂಮಿನ ಬಾಗಿಲ ಹಿಂದೆ ನೇತಾಡುತ್ತಿದೆ. ರಾತ್ರಿ ಹನ್ನೆರಡಕ್ಕೆ ಅವಳು ಫ್ರಿಜ್ ಕಡೆ ಹೊರಟರೆ ಇಡೀ ಮನೆಗೆ ಗಂಟೆ ಕೇಳುತ್ತೆ. ಅದೊಂದಕ್ಕೆ ಅರ್ಧ ಸ್ಟಾರ್ ಜಾಸ್ತಿ ಕೊಡಬಹುದಿತ್ತೇನೋ.