ಬೆಕ್ಕು ಉಗುರು ಕೆರೆಯೋ ಕಂಬ: ಹಗ್ಗ ಸೂಪರ್, ಬುಡ ಮಾತ್ರ ಹಗುರ

ಚಿಕ್ಕಮಗಳೂರು ಎಂ.ಜಿ. ರೋಡ್ ಕಡೆ ಒಂದು ಪೆಟ್ ಶಾಪಲ್ಲಿ ತಗೊಂಡಿದ್ದು, ಸುಮಾರು ಎರಡೂವರೆ ಅಡಿ ಎತ್ತರ, ಕತ್ತಾಳೆ ಹಗ್ಗ ಬಿಗಿಯಾಗಿ ಸುತ್ತಿದ್ದಾರೆ. ಹಗ್ಗ ನಿಜವಾಗ್ಲೂ ಚೆನ್ನಾಗಿದೆ, ನಮ್ಮ ಚಿನ್ನಿ ಹಿಂಗಾಲ ಮೇಲೆ ನಿಂತು ಪೂರ್ತಿ ಮೈ ಚಾಚಿ ಪರಪರ ಅಂತ ಎಳೀತಾಳೆ, ಕೆಳಗೆ ಉಗುರಿನ ಹಳೇ ಸಿಪ್ಪೆ ಉದುರಿರುತ್ತೆ, ನೋಡಿ ಗಾಬರಿ ಆಗ್ಬೇಡಿ, ಒಳಗಿಂದ ಹೊಸ ಚೂಪು ಉಗುರು ಬರೋದೇ ಹಾಗೆ. ಪಂಜದಲ್ಲಿ ವಾಸನೆ ಗ್ರಂಥಿ ಇರೋದ್ರಿಂದ ಇದು ನನ್ನ ಜಾಗ ಅಂತ ಗುರುತೂ ಹಾಕ್ತವೆ, ಅದಕ್ಕೇ ಕಂಬನ ಎಲ್ಲೋ ಮೂಲೇಲಿಡದೆ ಅವು ಕೆರೆಯೋ ಸೋಫಾ ಪಕ್ಕದಲ್ಲೇ ಇಡಿ.

ಬೇಜಾರಾಗಿದ್ದು ಬುಡದ ಹಲಗೆ. ತೀರಾ ಹಗುರ. ಕಂಬ ಅಲ್ಲಾಡಿದ್ರೆ ಬೆಕ್ಕು ಹತ್ರ ಬರೋಕೇ ಹಿಂಜರಿಯುತ್ತೆ, ನಾವು ಅಡಿಗೆ ದಪ್ಪ ಪ್ಲೈವುಡ್ ಕೊಟ್ಟು ಸ್ಕ್ರೂ ಹೊಡೆಸಿದ್ವಿ. ಈ ರೇಟಿಗೆ ಕಂಪನಿಯವ್ರೇ ಮಾಡ್ಬೇಕಿತ್ತು.

ಇನ್ನೊಂದು, ಮಡಿಲಲ್ಲಿ ಕೂತು ಹಿಟ್ಟು ನಾದಿದ ಹಾಗೆ ಒತ್ತುತ್ವಲ್ಲ, ಅದನ್ನ ಈ ಕಂಬ ನಿಲ್ಲಿಸಲ್ಲ, ನಿಲ್ಲಿಸೋದೂ ಬೇಡ, ಮರಿಯಿದ್ದಾಗ ತಾಯಿ ಹಾಲು ಇಳಿಸೋಕೆ ಮಾಡ್ತಿದ್ದ ಅಭ್ಯಾಸ ಅದು, ಪಾಪ ನೆಮ್ಮದಿಯಾಗಿದ್ದಾಗ ಮಾಡ್ತವೆ. ಬೈದು ತಳ್ಬೇಡಿ, ತೊಡೆ ಮೇಲೆ ದಪ್ಪ ಕಂಬಳಿ ಹಾಕ್ಕೊಳಿ. ಉಗುರಿನ ತುದಿ ಮಾತ್ರ ಕತ್ತರಿಸಿ, ಒಳಗಿನ ಗುಲಾಬಿ ಭಾಗಕ್ಕೆ ತಾಗಿದ್ರೆ ರಕ್ತ ಬರುತ್ತೆ. ಉಗುರು ತೆಗೆಸೋ ಆಪರೇಷನ್ ಅಂತೂ ಬೇಡ್ವೇ ಬೇಡ, ಅದ್ರಲ್ಲಿ ಬೆರಳಿನ ತುದಿ ಮೂಳೇನೇ ತೆಗೀತಾರೆ.

ಹಗ್ಗ ಸವೆದ್ರೆ ಬರೀ ಹಗ್ಗ ಬೇರೆ ಸಿಗುತ್ತಂತೆ, ತಗೊಳ್ಳೋವಾಗಲೇ ಅಂಗಡೀಲಿ ಕೇಳಿ.