ಅಲಾರಂ ಇರುವ ಡಿಸ್ಕ್ ಲಾಕ್: ಕೂಗು ಜೋರು, ಕೆಲಸ ಅರ್ಧ

ಹಳದಿ ಬಣ್ಣದ, ಅಂಗೈ ತುಂಬುವಷ್ಟು ದಪ್ಪ ಲಾಕ್ ಇದು. ಬೈಕಿನ ಬ್ರೇಕ್ ಡಿಸ್ಕಿನ ತೂತಿಗೆ ಪಿನ್ ತೂರಿಸಿ ಒತ್ತಿದರೆ ಕಟಕ್ ಅಂತ ಕೂರುತ್ತದೆ. ಹಾಕಲು ಕೀ ಬೇಡ, ತೆಗೆಯಲು ಮಾತ್ರ ಬೇಕು. ಕಂಪನಿ ಹೆಸರು ಬೇಡ ಬಿಡಿ, ಇಲ್ಲಿ ಬರೆದಿರುವುದರಲ್ಲಿ ಹೆಚ್ಚಿನದು ಈ ಜಾತಿಯ ಯಾವ ಲಾಕಿಗೂ ಹೊಂದುತ್ತದೆ.

ಮೊದಲು ಇದರ ಗಂಟಲಿನ ಬಗ್ಗೆ. ಗಾಡಿಯನ್ನು ಯಾರಾದರೂ ಅಲುಗಿಸಿದರೆ ಮೊದಲು ಒಂದೆರಡು ಸಣ್ಣ ಬೀಪ್. ಮತ್ತೆ ಮುಟ್ಟಿದರೆ ಕಿವಿ ಮುಚ್ಚಿಕೊಳ್ಳುವ ಹಾಗೆ ಅರಚುತ್ತದೆ. ಡಬ್ಬಿಯ ಮೇಲೆ 110 ಡೆಸಿಬಲ್ ಅಂತ ಬರೆದಿದೆ. ಪಕ್ಕದಲ್ಲಿ ನಿಂತವನಿಗೆ ಅದು ನಿಜ ಅನ್ನಿಸುತ್ತದೆ. ಆದರೆ ಬಯಲಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಮೂರನೇ ಮಹಡಿಯಲ್ಲಿ ಕಿಟಕಿ ಮುಚ್ಚಿ ಫ್ಯಾನ್ ಹಾಕಿ ಮಲಗಿದವರಿಗೆ ಇದು ಕೇಳುತ್ತದೆ ಅಂತ ನಾನಂತೂ ನಂಬಿಲ್ಲ. ಅಂಗಡಿ ಮುಂದೆ ನಿಲ್ಲಿಸಿ ಒಳಗೆ ಹೋಗಿ ಬರುವಷ್ಟು ಹೊತ್ತಿಗೆ ಮಾತ್ರ ಇದಕ್ಕಿಂತ ಒಳ್ಳೆ ಕಾವಲುಗಾರ ಸಿಗಲ್ಲ.

ಹಾಕುವ ಜಾಗ ಮುಖ್ಯ. ನನ್ನ ಡಬ್ಬಿಯ ಮೇಲೆ ಇದನ್ನು ಬರೆದಿರಲಿಲ್ಲ. ನನ್ನ ಗಾಡಿಯಲ್ಲಿ ಮುಂದಿನ ಕ್ಯಾಲಿಪರ್, ಅಂದರೆ ಡಿಸ್ಕನ್ನು ಕಚ್ಚಿ ಹಿಡಿಯುವ ಬ್ರೇಕಿನ ಭಾಗ, ಫೋರ್ಕಿನ (ಮುಂದಿನ ಚಕ್ರ ಹಿಡಿದಿರುವ ಕಾಲುಗಳ) ಹಿಂದುಗಡೆ ಇದೆ. ಲಾಕನ್ನು ಅದರ ಕೆಳಗೆ ಆನಿಸಿದಂತೆ ಹಾಕುತ್ತೇನೆ. ಆಗ ಗಾಡಿ ಮುಂದಕ್ಕೆ ಉರುಳಿದ ಕೂಡಲೇ ಲಾಕ್ ಮೇಲಕ್ಕೆ ಬಂದು ಕ್ಯಾಲಿಪರಿಗೆ ತಾಗಿ ಚಕ್ರ ನಿಂತುಬಿಡುತ್ತದೆ. ದೂರದಲ್ಲಿ ಹಾಕಿದರೆ ಚಕ್ರ ಅರ್ಧ ಸುತ್ತು ತಿರುಗಿ, ವೇಗ ಹಿಡಿದು, ಆಮೇಲೆ ಗಕ್ಕನೆ ನಿಲ್ಲುತ್ತದೆ. ಗಾಡಿ ಮಗುಚಿ ಬೀಳೋದು ಆಗಲೇ. ಎಬಿಎಸ್ (ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಜಾಮ್ ಆಗದಂತೆ ನೋಡಿಕೊಳ್ಳುವ ವ್ಯವಸ್ಥೆ) ಇದ್ದರೆ ಒಳಗಡೆ ಸೀಳು ಸೀಳಾಗಿರುವ ಸಣ್ಣ ರಿಂಗಿನಲ್ಲಿ ಪಿನ್ ತೂರಿಸಬೇಡಿ. ಆ ರಿಂಗ್ ಸೊಟ್ಟಗಾದರೆ ಸೆನ್ಸರ್ ತಪ್ಪು ಲೆಕ್ಕ ಕೊಡುತ್ತದೆ, ರಿಪೇರಿ ಲಾಕಿಗಿಂತ ದುಬಾರಿ.

ಪಿನ್ನಿನ ದಪ್ಪವನ್ನೂ ನೋಡಿಕೊಳ್ಳಿ. ನನ್ನದು 6 ಮಿ.ಮೀ. ಪಿನ್, ಚಿಕ್ಕ ತೂತಿನ ಡಿಸ್ಕಿಗೂ ಹೋಗುತ್ತದೆ. 10 ಮಿ.ಮೀ.ನದು ಗಟ್ಟಿ, ಆದರೆ ಎಷ್ಟೋ ಗಾಡಿಗಳ ತೂತಿಗೆ ತೂರುವುದೇ ಇಲ್ಲ.

ತಲೆನೋವು ಅಂದರೆ ಸುಮ್ಮಸುಮ್ನೆ ಕೂಗೋದು. ಪಕ್ಕದ ಗಾಡಿ ತೆಗೆಯುವಾಗ ಹ್ಯಾಂಡಲ್ ತಾಗಿದರೆ ಸಾಕು. ಜೋರು ಗಾಳಿಗೆ ಕವರ್ ಪಟಪಟ ಅಂದರೂ ಸಾಕು. ಹೀಗೆ ದಿನಾ ಅರಚಿದರೆ ಅಕ್ಕಪಕ್ಕದವರು ತಿರುಗಿಯೂ ನೋಡಲ್ಲ, ಅದು ಕಳ್ಳನಿಗೆ ಅನುಕೂಲ ಅಲ್ವಾ? ಒಳಗೆ ಆರು ಬಟನ್ ಸೆಲ್ ಇವೆ. ಕೂಗು ಸೊರಗಿದ ಹಾಗೆ ಕೇಳಿದರೆ ಬದಲಾಯಿಸಿಬಿಡಿ. ಸೆಲ್ ಮುಚ್ಚಳದ ಸ್ಕ್ರೂ ಮಾತ್ರ ಹಾಳಾದಷ್ಟು ಸಣ್ಣದು.

ರಾತ್ರಿಗೆ ಇದೊಂದನ್ನೇ ನಂಬುವ ಹಾಗಿಲ್ಲ. ಇಬ್ಬರು ಮೂವರು ಸೇರಿ ಮುಂದಿನ ಚಕ್ರ ಎತ್ತಿ ವ್ಯಾನಿಗೆ ಹಾಕಿಕೊಂಡರೆ ಲಾಕ್ ಕೂಗುತ್ತಾ ಜೊತೆಗೇ ಹೋಗುತ್ತದೆ. ಹ್ಯಾಂಡಲ್ ಲಾಕ್ ಕತೆಯೂ ಅಷ್ಟೇ, ಬಲವಾಗಿ ತಿರುಚಿದರೆ ಮುರಿಯುತ್ತದೆ. ಹಾಗಾಗಿ ದಪ್ಪ ಸರಪಳಿಯಿಂದ ಗಾಡಿಯನ್ನು ನೆಲಕ್ಕೆ ಹೂತ ಕಬ್ಬಿಣದ ಬಳೆಗೋ ಕಂಬಕ್ಕೋ ಬಿಗಿಯುತ್ತೇನೆ. ಸರಪಳಿ ನೆಲಕ್ಕೆ ತಾಗಬಾರದು. ತಾಗಿದರೆ ಕಟರಿನ ಒಂದು ಹಿಡಿಯನ್ನು ನೆಲಕ್ಕೆ ಊರಿ, ಇನ್ನೊಂದರ ಮೇಲೆ ಮೈಭಾರ ಹಾಕಿ ಕತ್ತರಿಸುತ್ತಾರೆ. ಕಬ್ಬಿಣ ಕೊಯ್ಯುವ ಗ್ರೈಂಡರ್ ತಂದವನಿಗೆ ಸರಪಳಿಯೂ ಹೊತ್ತು ಹಿಡಿಸುತ್ತದೆ ಅಷ್ಟೇ, ಆದರೆ ಆ ಹೊತ್ತಿನಲ್ಲಿ ಈ ಹಳದಿ ಲಾಕ್ ಬಾಯಿ ಮುಚ್ಚಿಕೊಂಡಿರಲ್ಲ.

ಐದಕ್ಕೆ ಮೂರೂವರೆ ಕೊಡ್ತೀನಿ. ಲಾಕ್ ಹಾಕಿರುವುದು ನೆನಪಿರಲಿ ಅಂತ ಹ್ಯಾಂಡಲ್‌ಗೆ ಸಿಕ್ಕಿಸುವ ಸುರುಳಿ ವೈರ್ ಡಬ್ಬಿಯಲ್ಲಿ ಇರಲಿಲ್ಲ, ಅರ್ಧ ಅಂಕ ಹೋಗಿದ್ದು ಅದಕ್ಕೇ.