ಪಾರ್ಶ್ವವಾಯುವಿನ ನಂತರ ಕೈಗೆ ಯಾವ ಅಭ್ಯಾಸ: ಕನ್ನಡಿಯೋ, ಗವಸೋ, ಸ್ಪರ್ಶವೋ?

ತಂದೆಯವರ ಕೈಗೆ ಯಾವುದನ್ನು ಆರಿಸಲಿ ಎಂದು ಕೇಳಿದ್ದೀರಿ. ಖರ್ಚಿಗಿಂತ ಮೊದಲು, ಆ ಕೈ ಈಗ ಎಷ್ಟು ಅಲುಗುತ್ತದೆ ಎಂದು ನೋಡಿ.

ಬೆರಳು ಅಲುಗುವುದೇ ಇಲ್ಲವೆಂದರೆ ನಾನು ಕನ್ನಡಿಯಿಂದ ಆರಂಭಿಸುತ್ತೇನೆ. ಎದೆಯ ಮುಂದೆ, ಎರಡು ಕೈಗಳ ನಡುವೆ, ಒಳ್ಳೆಯ ಕೈಯತ್ತ ಮುಖಮಾಡಿ ಕನ್ನಡಿ ನಿಲ್ಲಿಸಿ, ಸೋತ ಕೈಯನ್ನು ಅದರ ಹಿಂದೆ ಮರೆಮಾಡಿ, ಒಳ್ಳೆಯ ಕೈಯ ಚಲನೆಯನ್ನು ಸೋತ ಕೈಯೇ ಅಲುಗಿದಂತೆ ಪ್ರತಿಬಿಂಬದಲ್ಲಿ ನೋಡುವುದು. ಖರ್ಚು ಒಂದು ಕನ್ನಡಿಯಷ್ಟೇ. ಬೇಕಾದದ್ದು ದಿನವೂ ಅರ್ಧ ಗಂಟೆಯ ಏಕಾಗ್ರತೆ.

ಮಣಿಕಟ್ಟು, ಬೆರಳುಗಳನ್ನು ಸ್ವಲ್ಪವಾದರೂ ಮೇಲೆತ್ತಬಲ್ಲವರಿಗೆ ಗವಸಿನ ವಿಧಾನವಿದೆ. ಒಳ್ಳೆಯ ಕೈಗೆ ಗವಸು ತೊಡಿಸಿ, ಕೆಲಸವನ್ನೆಲ್ಲ ಸೋತ ಕೈಯಿಂದಲೇ ಮಾಡಿಸುತ್ತಾರೆ. 2006ರಲ್ಲಿ ಪ್ರಕಟವಾದ ಅಮೆರಿಕದ ‘ಎಕ್ಸೈಟ್’ ಅಧ್ಯಯನದಲ್ಲಿ 222 ಜನರಿದ್ದರು. ಎರಡು ವಾರದ ಈ ಚಿಕಿತ್ಸೆಯ ಲಾಭ ವರ್ಷದ ನಂತರವೂ ಉಳಿದಿತ್ತು. ಆದರೆ ದಿನಕ್ಕೆ ಗಂಟೆಗಟ್ಟಲೆ ತರಬೇತಿ, ಅದಕ್ಕೆ ತಕ್ಕ ಶುಲ್ಕ, ಎಲ್ಲಕ್ಕಿಂತ ಹೆಚ್ಚಾಗಿ ರೋಗಿಯ ತಾಳ್ಮೆ ಬೇಕು. ತುತ್ತು ಬಾಯಿಗೆ ತಲುಪದೆ ಕಣ್ಣು ತುಂಬಿಕೊಳ್ಳುವವರನ್ನು ಬಲವಂತ ಮಾಡಬೇಡಿ. ನಡೆಯುವಾಗ ತೂಕ ತಪ್ಪುವವರಿಗೆ ಗವಸು ಅಪಾಯಕಾರಿ.

ಕೈ ಆಡುತ್ತದೆ, ಆದರೆ ಹಿಡಿದ ಲೋಟ ಜಾರುತ್ತದೆ, ಜೇಬಿನಲ್ಲಿರುವುದು ನಾಣ್ಯವೋ ಕೀಲಿಕೈಯೋ ತಿಳಿಯದು ಎಂದರೆ ಸ್ಪರ್ಶದ ಅಭ್ಯಾಸವೇ ಸರಿ. ಕಣ್ಣು ಮುಚ್ಚಿ ರಾಗಿ, ಅಕ್ಕಿ, ಮರಳುಕಾಗದ ಮುಟ್ಟಿಸಿ ಗುರುತಿಸಲು ಹೇಳಿ. ಬಳಿಕ ಕಣ್ತೆರೆದು ನೋಡಲಿ, ಒಳ್ಳೆಯ ಕೈಯಿಂದ ಮುಟ್ಟಿ ಹೋಲಿಸಲಿ, ಮತ್ತೆ ಪ್ರಯತ್ನಿಸಲಿ. ಇದು ನಿಧಾನದ ದಾರಿ, ತಿಂಗಳುಗಳೇ ಹಿಡಿಯಬಹುದು. ಅಲ್ಲಿಯವರೆಗೆ ಬಿಸಿನೀರನ್ನು ಒಳ್ಳೆಯ ಕೈಯಿಂದಲೇ ಪರೀಕ್ಷಿಸಲಿ.

ಕನ್ನಡಿ ಮತ್ತು ಸ್ಪರ್ಶ ಎರಡನ್ನೂ ಒಂದೇ ದಿನ ಮಾಡಬಹುದು. ಗವಸಿಗೆ ಮಾತ್ರ ಮೊದಲು ಚಿಕಿತ್ಸಕರು ಕೈಯನ್ನು ನೋಡಲಿ.